ಕಾಣದೆ ಹೋದ ಮೂರನೆಯವನು



ಸೆರ್ಜಿಯೊ ಲಿಯೊನೆಯವರ 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಚಿತ್ರವನ್ನು ನಾನು ಮೊದಲು ನೋಡಿದ್ದು ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ. ಕೊನೆಗೆ ಸ್ಮಶಾನದ ನಡುವಣ ವೃತ್ತದಲ್ಲಿ ಮೂವರು ಬಂದೂಕುಧಾರಿಗಳು ಎದುರುಬದುರಾಗುತ್ತಾರೆ. ಒಟ್ಟಾಗಿ ನನಗೆ ಕಂಡವರು ಇಬ್ಬರೇ. ಚಿತ್ರದ ಅಗಲ ಅದರ ಎತ್ತರದ ಸುಮಾರು 2.35 ಪಟ್ಟು, ಅಂದಿನ ಟಿ.ವಿ. ಪರದೆಯದು 1.33 ಪಟ್ಟು. ಪರದೆ ತುಂಬಿಸಬೇಕಾದರೆ ಶೇ. 40ಕ್ಕೂ ಹೆಚ್ಚು ಭಾಗವನ್ನು ಕತ್ತರಿಸಲೇಬೇಕಿತ್ತು. ಬಯಲೇ ಒಂದು ಪಾತ್ರವಾಗಿರುವ ವೆಸ್ಟರ್ನ್ ಚಿತ್ರಗಳಿಗೆ ಇದು ದೊಡ್ಡ ಪೆಟ್ಟು.

ಆ ನಷ್ಟಕ್ಕೆ ಪರದೆಯ ಆಕಾರವಾದರೂ ಕಾರಣವಾಗಿತ್ತು. ಮುಂದೆ ಆದದ್ದಕ್ಕೆ ಕಾರಣ ಸುಧಾರಿಸುವ ಚಪಲ. 2003ರಲ್ಲಿ ಇಂಗ್ಲಿಷ್ ಆವೃತ್ತಿಗೆ, ಹಿಂದೆ ಕೈಬಿಟ್ಟಿದ್ದ ದೃಶ್ಯಗಳನ್ನು ಸೇರಿಸಿದರು. ಕ್ಲಿಂಟ್ ಈಸ್ಟ್‌ವುಡ್, ಈಲೈ ವಾಲಕ್ ಇಬ್ಬರೂ ತಮ್ಮ ವೃದ್ಧಾಪ್ಯದ ಧ್ವನಿಯಲ್ಲಿ ಯೌವನದ ಮುಖಗಳಿಗೆ ಮಾತು ಕೊಟ್ಟರು. ಲೀ ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಬೇರೊಬ್ಬರು ದನಿಯಾದರು. ಲಿಯೊನೆಯವರೂ ಅದೇ ವರ್ಷ ಗತಿಸಿದ್ದರು; ಅನುಮತಿ ಕೇಳುವುದಾದರೂ ಯಾರನ್ನು? ಏಕಧ್ವನಿಯನ್ನು ಬಹುಧ್ವನಿಯಾಗಿಸುವಾಗ ಗುಂಡಿನ ಸದ್ದುಗಳನ್ನೂ ಬದಲಿಸಿದರು. 2014ರ ಬ್ಲೂ-ರೇಯಲ್ಲಂತೂ ಇಡೀ ಚಿತ್ರಕ್ಕೆ ಅರಿಸಿನ ಬಳಿದಂತಹ ಛಾಯೆ.

ನಾನು ಕಡತಗಳ ನಡುವೆ ಬಾಳಿದವನು. ಕಡತದ ನಕಲು ತೆಗೆಯುವಾಗ ಹಳೆಯ ಟಿಪ್ಪಣಿಯನ್ನು ತಿದ್ದಿದರೆ ಅದನ್ನು ಯಾವ ಕಚೇರಿಯೂ ದೃಢೀಕರಿಸದು. ಹೊಸ ಧ್ವನಿ, ಹೊಸ ದೃಶ್ಯ ಬೇಕೆನ್ನುವವರಿಗೆ ಇರಲಿ. 1960ರ ದಶಕದಲ್ಲಿ ಪ್ರೇಕ್ಷಕರು ಕಂಡ ಬಣ್ಣವನ್ನೂ ಕೇಳಿದ ಏಕಧ್ವನಿಯನ್ನೂ, ಗೀರು ಗೊರಗುಗಳಿದ್ದರೂ ಚಿಂತೆಯಿಲ್ಲ, ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಡಿಸ್ಕಾಗಿ ಇಡಲಿ ಎಂಬುದಷ್ಟೇ ನನ್ನ ಅಹವಾಲು.