ಗಂಟುನೋವಿಗೆ ಲೇಸರ್ ಕಿರಣ ಮತ್ತು ವ್ಯಾಯಾಮ



ಇವತ್ತು ಬೀಜ, ಗೊಬ್ಬರದ ಮಾತಿಲ್ಲ. ಬೇಸಾಯದ ಭಾರವನ್ನೆಲ್ಲ ಹೊರುವ ಮೊಣಕಾಲಿನ ಮಾತು. ಹಿಂದೊಮ್ಮೆ ಕಾಪು ಕಡೆಯ ಒಂದು ಮನೆಗೆ ಮಲ್ಲಿಗೆ ಗಿಡ ನೋಡಲು ಹೋಗಿದ್ದೆ. ಮನೆಯ ಹಿರಿಯ ಅಮ್ಮ ಕೇಳಿದರು: "ಹಾಲು ಕರೆಯಲಿಕ್ಕೆ ಕೂತರೆ ಏಳಲಿಕ್ಕೆ ಆಗುವುದಿಲ್ಲ ಸಾರ್. ದನ ಕೊಟ್ಟುಬಿಡುವುದಾ ಅಂತ ಮನೆಯಲ್ಲಿ ಮಾತು ನಡೀತಾ ಉಂಟು. ಮಣಿಪಾಲಕ್ಕೆ ಹೋಗಿ ಲೇಸರ್ ಹಿಡಿಸಿದರೆ ಗಂಟುನೋವು ಹೋಗ್ತದಂತೆ, ಹೌದಾ?" ನಾನು ಡಾಕ್ಟರನಲ್ಲ. ತಿಳಿದವರನ್ನು ಕೇಳಿಕೊಂಡು ಬಂದು ಅವರಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ.

ಮೊದಲು ರೋಗವನ್ನು ತಿಳಿಯೋಣ. ಮೊಣಕಾಲಿನಲ್ಲಿ ಎಲುಬುಗಳು ಸೇರುವ ಕಡೆ ಮೃದ್ವಸ್ಥಿ ಎಂಬ ನುಣುಪಾದ ಹೊದಿಕೆ ಇದೆ. ವಯಸ್ಸು, ಮೈಭಾರ, ಹಳೆಯ ಪೆಟ್ಟು, ವರ್ಷಗಟ್ಟಲೆ ಕುಕ್ಕರಗಾಲಿನ ದುಡಿಮೆ, ಇವುಗಳಿಂದ ಅದು ಸವೆದು ಒರಟಾಗುತ್ತದೆ. ಇದಕ್ಕೆ ಡಾಕ್ಟರರು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ನೋವಿಗೆ ಹೆದರಿ ಕಾಲು ಆಡಿಸದೆ ಕೂತರೆ ತೊಡೆಯ ಮಾಂಸಖಂಡ ಸೊರಗುತ್ತದೆ, ಭಾರವೆಲ್ಲ ಗಂಟಿನ ಮೇಲೆ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಗೊನೆ ಹಾಕಿದ ಬಾಳೆಗೆ ಕೊಟ್ಟ ಊರೆಗೋಲನ್ನು ನಾವೇ ಕಿತ್ತ ಹಾಗೆ.

ಇನ್ನು ಲೇಸರ್ ಎಂದರೇನು? ಅದು ಒಂದು ಬಗೆಯ ಬೆಳಕು, ಎಕ್ಸ್-ರೇ ಅಲ್ಲ. ಈ ಚಿಕಿತ್ಸೆಯಲ್ಲಿ ಬಳಸುವ ಕಡಿಮೆ ಶಕ್ತಿಯ ಲೇಸರ್ ಸುಡುವುದೂ ಇಲ್ಲ, ಕೊಯ್ಯುವುದೂ ಇಲ್ಲ. 1967ರಲ್ಲಿ ಹಂಗೇರಿಯ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಇಲಿಗಳಿಗೆ ಇದನ್ನು ಹಿಡಿದಾಗ, ಬೋಳಿಸಿದ ಜಾಗದಲ್ಲಿ ರೋಮ ಬೇಗ ಬೆಳೆಯಿತು. ಚಿಕಿತ್ಸೆಯ ಯೋಚನೆ ಅಲ್ಲಿಂದ ಬೆಳೆಯಿತು. ನಮ್ಮ ಮಣಿಪಾಲದ ತಜ್ಞರೂ ಇಂಥ ಲೇಸರನ್ನು ಪರೀಕ್ಷಿಸಿದ್ದಾರೆ. ವಿಕಿರಣ ಚಿಕಿತ್ಸೆಯಿಂದ ಕ್ಯಾನ್ಸರ್ ರೋಗಿಗಳಿಗೆ ಬರುವ ಬಾಯಿಹುಣ್ಣಿಗೆ ಅದು ಉಪಕಾರಿ ಎಂದು 2006ರಲ್ಲಿ ವರದಿ ಮಾಡಿದರು.

ಮೊಣಕಾಲಿನ ವಿಷಯದಲ್ಲಿ ಮಾತ್ರ ತಿಳಿದವರಲ್ಲೇ ಎರಡು ಅಭಿಪ್ರಾಯ. ತಕ್ಕ ಪ್ರಮಾಣದಲ್ಲಿ ಕೊಟ್ಟರೆ ನೋವು ಇಳಿಯುತ್ತದೆ ಎಂದು 2019ರಲ್ಲಿ ನಾರ್ವೆಯ ಸಂಶೋಧಕರು ಹಲವು ಪರೀಕ್ಷೆಗಳನ್ನು ಒಟ್ಟು ಮಾಡಿ ಹೇಳಿದರು. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ, ಇದಕ್ಕೆ ಪುರಾವೆ ಸಾಲದು ಎಂದಿತು. ಆದರೆ ವ್ಯಾಯಾಮ ಎಲ್ಲರಿಗೂ ಬೇಕು ಎಂದು ಅದೇ ಸಂಸ್ಥೆ ಹೇಳಿದೆ. ಹಾಗಾಗಿ ಲೇಸರಿನಿಂದ ನೋವು ತುಸು ಇಳಿಯಬಹುದು. ಸವೆದದ್ದು ಮತ್ತೆ ಬೆಳೆಯುತ್ತದೆಂದು ನಂಬಿ ಸಾಲ ಮಾಡಬೇಡಿ. ಹಿಡಿಸಿಕೊಳ್ಳುವುದಾದರೆ ಎಷ್ಟು ಸಲ ಬರಬೇಕು, ಎಷ್ಟು ಖರ್ಚು ಎಂದು ಮೊದಲೇ ಕೇಳಿ. ಆಗ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ನೋವು ಇಳಿಯಿತೆಂದು ವ್ಯಾಯಾಮ ಬಿಟ್ಟರೆ ಕೊಟ್ಟ ಹಣ ನೀರುಪಾಲು.

ವ್ಯಾಯಾಮಕ್ಕೆ ಕಾಸು ಬೇಡ. ಮೊದಲನೆಯದು: ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಮೊಣಕಾಲಿನ ಅಡಿಗೆ ಬೈರಾಸು ಸುತ್ತಿ ಇಡಿ. ಅದನ್ನು ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡಿ. ಹತ್ತು ಸಲ. ನೆಲದಲ್ಲಿ ಕೂರಲಾಗದವರು ಮಂಚದ ಮೇಲೆ ಮಾಡಿ. ಎರಡನೆಯದು: ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಎತ್ತಿ, ಐದು ಎಣಿಸಿ, ನಿಧಾನವಾಗಿ ಇಳಿಸಿ. ಮೂರನೆಯದು: ಗಟ್ಟಿ ಕುರ್ಚಿಯಿಂದ ಏಳುವುದು, ಕೂರುವುದು, ಮೊದಲು ಐದು ಸಲ, ಆಮೇಲೆ ಹತ್ತು. ಜೊತೆಗೆ ಸಮನೆಲದಲ್ಲಿ ನಡಿಗೆ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ನೋವು ಹೆಚ್ಚಾಗಿಯೇ ಉಳಿದರೆ ಲೆಕ್ಕ ಕಡಿಮೆ ಮಾಡಿ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಎಣೇಲು ನಾಟಿಗೆ ಇಳಿಯುವವರು ಬೇಸಿಗೆಯಲ್ಲೇ ಶುರು ಮಾಡಿ.

ಮೈಭಾರ ಇದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು ಅರ್ಧ ಗಂಟೆಗೊಮ್ಮೆ ಎದ್ದು ಕಾಲು ಚಾಚಿ. ಮಟ್ಟುಗುಳ್ಳದ ಗದ್ದೆಯಲ್ಲಿ ಕೂತು ಕಳೆ ಕೀಳುವ ಬದಲು ಉದ್ದ ಹಿಡಿಯ ಸಲಕರಣೆ ಬಳಸಿ. ಮೆಟ್ಟುಕತ್ತಿಯ ಕೆಲಸ ಮೇಜಿನ ಮೇಲೆ ಚಾಕುವಿನಿಂದಲೂ ಆಗುತ್ತದೆ.

ಅಂಗಡಿಯ ನೋವಿನ ಮಾತ್ರೆಯನ್ನು ನೀವಾಗಿ ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಗಂಟು ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾ ಆಸ್ಪತ್ರೆ, ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ, ಮಣಿಪಾಲದಲ್ಲಿ ಕಸ್ತೂರ್ಬಾ ಆಸ್ಪತ್ರೆ ಇವೆ. ವ್ಯಾಯಾಮವನ್ನು ಒಮ್ಮೆ ಫಿಸಿಯೋಥೆರಪಿಯವರಿಂದ ನೋಡಿ ಕಲಿತರೆ ಇನ್ನೂ ಒಳ್ಳೆಯದು.

ಆ ಅಮ್ಮನಿಗೂ ಇಷ್ಟೇ ಹೇಳಿದೆ. ಮುಂದೆ ಒಮ್ಮೆ ಹೋದಾಗ ಹಟ್ಟಿಯಲ್ಲಿ ಒಂದು ಗಿಡ್ಡ ಸ್ಟೂಲು ಕಂಡಿತು. "ನೋವು ಪೂರಾ ಹೋಗಲಿಲ್ಲ ಸಾರ್" ಎಂದರು. "ಆದರೆ ಏಳಲಿಕ್ಕೆ ಈಗ ಯಾರನ್ನೂ ಕರೆಯುವುದಿಲ್ಲ. ದನ ಕೊಡಲಿಲ್ಲ." ನಿಮ್ಮ ಮನೆಯ ಹಿರಿಯರಿಗೂ ನಾಳೆ ಬೆಳಿಗ್ಗೆ ಒಂದು ಕುರ್ಚಿ ಹಾಕಿಕೊಡಿ, ಪಕ್ಕದಲ್ಲಿ ನಿಂತು ಎಣಿಸಿ.