ಇಳಿಯದ ಬೀಜ, ಉಳಿದ ಗರ್ಭಕೋಶ



ನಾನು ವೈದ್ಯನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡಿಕೊಂಡಿರುವ ಗುಮಾಸ್ತ. ಆದರೂ ಗಂಡುಮಕ್ಕಳಲ್ಲಿ ಬಹು ಅಪರೂಪವಾಗಿ ಕಾಣುವ ಒಂದು ಹುಟ್ಟುದೋಷವನ್ನೂ ಅದರ ಶಸ್ತ್ರಚಿಕಿತ್ಸೆಯನ್ನೂ ಕುರಿತು ನಾಲ್ಕು ಮಾತು ಹೇಳಲು ನಿಂತಿದ್ದೇನೆ. ನಾಡಹಬ್ಬದ ವೇದಿಕೆಯಲ್ಲಿ ಇದೇಕೆಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಬಳಗದ ಮೂರು ವರುಷದ ಕೂಸೊಂದರ ಶಸ್ತ್ರಕ್ರಿಯೆಯ ದಿನ ನಾನು ಆಸ್ಪತ್ರೆಯಲ್ಲಿದ್ದೆ. ಕಾಗದವೆಲ್ಲ ಇಂಗ್ಲಿಷು, ದಾದಿಯ ಮಾತು ಮರಾಠಿ. ಊರಿನಿಂದ ಬಂದಿದ್ದ ಅಜ್ಜಿಗೆ ಬರುವುದು ಕನ್ನಡವೊಂದೇ. ನಡುವೆ ದುಭಾಷಿಯಾಗಿ ನಿಂತ ನನಗೆ ಬಾಯಿ ಬರಲಿಲ್ಲ. ಆ ನಾಚಿಕೆಯೇ ಈ ಭಾಷಣಕ್ಕೆ ಕಾರಣ. ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು, ಸಂಬಂಧಗಳನ್ನು ದಯಮಾಡಿ ಕೇಳಬಾರದು.

ಹುಡುಗನಿಗೆ ಎಡತೊಡೆಯ ಸಂದಿನಲ್ಲಿ ಹರ್ನಿಯ. ಬಲಗಡೆಯ ಬೀಜವಂತೂ ಚೀಲಕ್ಕೆ ಇಳಿದೇ ಇರಲಿಲ್ಲ. ತಾನಾಗಿ ಇಳಿಯುತ್ತದೆಂದು ಊರ ಕಡೆ ಯಾರೋ ಹೇಳಿದ್ದನ್ನು ನಂಬಿ ಮೂರು ವರುಷ ಸುಮ್ಮನಿದ್ದರು. ಸಂದನ್ನು ತೆರೆದಾಗ ವೈದ್ಯರಿಗೆ ಕಂಡದ್ದು ಬೀಜದ ಮಗ್ಗುಲಲ್ಲಿ ಒಂದು ಪುಟ್ಟ ಗರ್ಭಕೋಶ! ಅವರು ಅದನ್ನು ಕಿತ್ತೊಗೆಯಲಿಲ್ಲ. ಪರೀಕ್ಷೆಗೆಂದು ಒಂದು ಚೂರು ತೆಗೆದುಕೊಂಡು, ಉಳಿದದ್ದನ್ನು ಒಳಗೆ ಸೇರಿಸಿ ಹೊಲಿದು, ಹೊರಗೆ ಬಂದು ತಂದೆಗೆ ಎಲ್ಲವನ್ನೂ ತಿಳಿಸಿದರು. ಬ್ಯಾಂಕಿನಲ್ಲಿಯೂ ಮೂಲ ತಿಳಿಯದ ಮೊತ್ತವನ್ನು ನಾವು ಹೊಡೆದುಹಾಕುವುದಿಲ್ಲ. ವೋಚರು ಸಿಗುವ ತನಕ ಸಸ್ಪೆನ್ಸ್ ಖಾತೆಯಲ್ಲಿಡುತ್ತೇವೆ. ಆ ವೈದ್ಯರ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಅಜ್ಜಿ ನನ್ನ ಕೈ ಹಿಡಿದುಕೊಂಡು ಕೇಳಿದರು: “ತಮ್ಮಾ, ಹಂಗಾರ ಕೂಸು ಗಂಡಲ್ಲೇನೋ?”

ಗಂಡೇ. ಅಂದು ಹೇಳಲು ಬಾರದಿದ್ದುದನ್ನು ಇಂದು ಹೇಳುತ್ತೇನೆ. ಬಸುರಿನ ಮೊದಲ ವಾರಗಳಲ್ಲಿ ಪ್ರತಿಯೊಂದು ಪಿಂಡದಲ್ಲಿಯೂ ಎರಡು ಜೊತೆ ನಾಳಗಳಿರುತ್ತವೆ. ಒಂದು ಜೊತೆ ಗಂಡಿನಲ್ಲಿ ವೀರ್ಯನಾಳವಾಗುತ್ತದೆ. ಇನ್ನೊಂದು ಹೆಣ್ಣಿನಲ್ಲಿ ಗರ್ಭಕೋಶವಾಗುತ್ತದೆ. ಈ ಎರಡನೆಯದನ್ನು 1830ರಲ್ಲಿ ವರ್ಣಿಸಿದ ಜರ್ಮನಿಯ ಯೋಹಾನ್ನೆಸ್ ಮುಲ್ಲರನ ಹೆಸರೇ ಅದಕ್ಕೆ ನಿಂತಿದೆ. ಗಂಡುಪಿಂಡದಲ್ಲಿ ಅದು ಕರಗುವುದೇಕೆ? ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಮೊಲದ ಪಿಂಡಗಳ ಮೇಲೆ ಪ್ರಯೋಗ ನಡೆಸಿ 1947ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಉತ್ತರದ ದಾರಿ ಸಿಕ್ಕಿತು. ಬೀಜವು ಗಂಡುತನದ ರಸವನ್ನಲ್ಲದೆ, ಮುಲ್ಲರನ ನಾಳವನ್ನು ಅಳಿಸುವ ಬೇರೊಂದು ರಸವನ್ನೂ ಸ್ರವಿಸುತ್ತದೆ. ಆ ರಸ ಹುಟ್ಟದಿದ್ದರೆ, ಅಥವಾ ಹುಟ್ಟಿಯೂ ನಾಳಕ್ಕೆ ಅದರ ಆಜ್ಞೆ ಕೇಳಿಸದಿದ್ದರೆ, ಗರ್ಭಕೋಶ ಉಳಿದುಬಿಡುತ್ತದೆ. ಮಿಕ್ಕೆಲ್ಲ ರೀತಿಯಲ್ಲಿಯೂ ಆತ ಹುಡುಗನೇ.

ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೊಂದೊಂದು ಬಂದರೆ ಮಾತ್ರ ಈ ದೋಷ ಕಾಣಿಸಿಕೊಳ್ಳುತ್ತದೆ. ಈ ಮಗುವಿನ ತಂದೆ ತಾಯಿಗೆ ಸ್ವಂತ ಸೋದರಮಾವ. 1955ರ ಹಿಂದೂ ವಿವಾಹ ಕಾನೂನು ಇಂಥ ಸಂಬಂಧವನ್ನು ನಿಷೇಧಿಸಿ, ರೂಢಿಯಿದ್ದವರಿಗೆ ವಿನಾಯಿತಿ ಕೊಟ್ಟಿದೆ. ನಮ್ಮ ಕಡೆ ಆ ವಿನಾಯಿತಿಯೇ ನಿಯಮವೆಂಬಂತಾಗಿದೆ. ಯಾರನ್ನೂ ದೂರಲು ನಾನು ಇದನ್ನು ಹೇಳುತ್ತಿಲ್ಲ, ನಮ್ಮ ಮನೆಯಲ್ಲಿಯೂ ಅಂಥ ಮದುವೆಗಳು ಆಗಿವೆ. ಮುಂದೆ ಹುಟ್ಟುವ ಗಂಡುಕೂಸಿಗೂ ನಾಲ್ಕರಲ್ಲೊಂದು ಪಾಲು ಇದೇ ಸಂಭವವುಂಟೆಂಬುದನ್ನು ಅಂಥ ದಂಪತಿಗಳು ತಿಳಿದಿರಲಿ.

ತಡವಾದರೆ ಏನಾಗುತ್ತದೆಂಬುದಕ್ಕೆ ನಮ್ಮ ಮುಂಬಯಿಯದೇ ನಿದರ್ಶನವಿದೆ. 2019ರಲ್ಲಿ ಜೆ.ಜೆ. ಆಸ್ಪತ್ರೆಗೆ 29 ವರುಷದ ವಿವಾಹಿತನೊಬ್ಬ ಮಕ್ಕಳಿಲ್ಲವೆಂದು ಬಂದ. ಬೀಜಗಳು ಇಳಿದಿರಲಿಲ್ಲ, ಒಳಗೆ ಗರ್ಭಕೋಶವಿತ್ತು. ವೈದ್ಯರು ಅದನ್ನು ತೆಗೆದು ಬೀಜಗಳನ್ನು ಚೀಲಕ್ಕೆ ಇಳಿಸಿದರು. ಆದರೆ ಹೊಟ್ಟೆಯ ಬಿಸಿಯಲ್ಲಿ ಅಷ್ಟು ಕಾಲ ಇದ್ದ ಬೀಜಗಳಿಗೆ ಸಂತಾನಶಕ್ತಿ ಮರಳುವುದು ಕಷ್ಟ. ಅವಕ್ಕೆ ಅರ್ಬುದ ತಗಲುವ ಭಯವೂ ಹೆಚ್ಚು. ಬೀಜ ತಾನಾಗಿ ಇಳಿಯುವುದಾದರೆ ಆರು ತಿಂಗಳೊಳಗೆ ಇಳಿಯುತ್ತದೆ. ಇಳಿಯದಿದ್ದರೆ ಒಂದೂವರೆ ವರುಷ ತುಂಬುವುದರೊಳಗೆ ಶಸ್ತ್ರಕ್ರಿಯೆ ಆಗಬೇಕು. ಎಣ್ಣೆ ಹಚ್ಚಿ ಎರೆಯುವ ತಾಯಂದಿರ ಕೈಗೆ ಇದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ಹಾಗಾದರೆ ಬೇಡದ ಗರ್ಭಕೋಶವನ್ನು ಪೂರ್ತಿ ತೆಗೆದರಾಯಿತಲ್ಲ ಎಂದು ನಾನೂ ಕೇಳಿದ್ದೆ. ತೊಡಕಿರುವುದು ಅಲ್ಲಿಯೇ. ವೀರ್ಯನಾಳವು ಗರ್ಭಕೋಶದ ಪಕ್ಕದ ಗೋಡೆಗೇ ಅಂಟಿಕೊಂಡು ಸಾಗುತ್ತದೆ. ಬೀಜಕ್ಕೆ ರಕ್ತ ಒಯ್ಯುವ ನಾಳಗಳೂ ಹತ್ತಿರವೇ. ಅವಸರದಿಂದ ಕತ್ತರಿಸಿದರೆ ಉಳಿಸಬೇಕಾದುದೇ ಹೋಗುತ್ತದೆ. ಹಾಗೆಂದು ಅದನ್ನು ಇದ್ದಂತೆಯೇ ಬಿಟ್ಟರೆ ಅದು ಜಗ್ಗಿ ಹಿಡಿದು ಬೀಜವನ್ನು ಇಳಿಯಗೊಡುವುದಿಲ್ಲ. ಉಳಿದ ಭಾಗಕ್ಕೆ ಮುಂದೆ ಅರ್ಬುದ ತಗಲಿದ ಉದಾಹರಣೆಗಳೂ, ವಿರಳವಾದರೂ, ಇವೆ. ಆದುದರಿಂದ ಎಷ್ಟು ತೆಗೆಯಬೇಕೆಂಬುದರಲ್ಲಿ ತಜ್ಞರಲ್ಲಿಯೇ ಭೇದವಿದೆ. ನಮ್ಮ ಹುಡುಗನ ಎರಡನೆಯ ಶಸ್ತ್ರಕ್ರಿಯೆಯಲ್ಲಿ ಗರ್ಭಕೋಶವನ್ನು ನಟ್ಟನಡುವೆ ಸೀಳಿ, ವೀರ್ಯನಾಳವಿರುವ ಅಂಚಿನ ಪಟ್ಟಿಗಳನ್ನು ಮಾತ್ರ ಉಳಿಸಿ, ಅವುಗಳ ಒಳಪೊರೆಯನ್ನು ಕೆರೆದು ತೆಗೆದು, ಎರಡು ಬೀಜಗಳನ್ನೂ ಕೆಳಗಿಳಿಸಿದರು.

ಈಗ ಅವನು ಬಾಲವಾಡಿಗೆ ಹೋಗುತ್ತಾನೆ. ವೈದ್ಯರು ಹೇಳಿದಾಗಲೆಲ್ಲ ಸೋನೋಗ್ರಫಿಗೆ ಕರೆದೊಯ್ಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಬೀಜಗಳನ್ನು ತಾನೇ ಮುಟ್ಟಿ ಪರೀಕ್ಷಿಸಿಕೊಳ್ಳುವುದನ್ನು ಕಲಿಯಬೇಕು. ಆಗ ಎಲ್ಲವನ್ನೂ ಅವನಿಗೆ ತಿಳಿಸಲೇಬೇಕು. ಯಾರು ತಿಳಿಸಬೇಕೆಂದು ಮನೆಯಲ್ಲಿ ಚರ್ಚೆ ನಡೆದಾಗ ತಂದೆ ನನ್ನ ಕಡೆ ನೋಡಿದರು. “ಅವ ಬ್ಯಾಡ, ದವಾಖಾನ್ಯಾಗ ಬಾಯಿ ಬಿಡಲಿಲ್ಲ ಅವ. ನಾ ಹೇಳತೀನಿ,” ಎಂದರು ಅಜ್ಜಿ.