ಹೂಳು, ಬರ ಮತ್ತು ನಮ್ಮ ಉಳಿತಾಯ

(ಮಠದ ಮಾಸಿಕ ಶರಣ ಸಂಗಮದಲ್ಲಿ ಮಾಡಿದ ಭಾಷಣದ ಬರಹರೂಪ)

 

ಕಳೆದ ತಿಂಗಳು ಸಂಗಮ ಮುಗಿದು ಪ್ರಸಾದಕ್ಕೆ ಕುಳಿತಾಗ, ಈಚೆಗೆ ನಿವೃತ್ತರಾದ ಮೇಷ್ಟ್ರೊಬ್ಬರು ನನ್ನ ಪಕ್ಕದಲ್ಲಿದ್ದರು. "ಸರ್, ನಿವೃತ್ತಿಯ ಗಂಟು ಬಂದಿದೆ. ಮಗ ಷೇರಿಗೆ ಹಾಕಿ ಅಂತಾನೆ. ಮನೆಯವರು ಬಂಗಾರ ಅಂತಾರೆ. ಪರಿಚಯದವರೊಬ್ಬರು ನಮ್ಮ ಸೊಸೈಟಿಗೆ ಹಾಕಿ, ಹನ್ನೆರಡು ಪರ್ಸೆಂಟ್ ಬಡ್ಡಿ ಅಂತಾರೆ. ಪೇಟೆ ನೋಡಿದರೆ ದಿನಕ್ಕೊಂದು ಥರ. ಏನು ಮಾಡಲಿ?" ಎಂದರು. ಆ ಮಾತು ಶ್ರೀಗಳ ಕಿವಿಗೆ ಬಿದ್ದು, ಈ ತಿಂಗಳು ಇದನ್ನೇ ಮಾತಾಡಿ ಎಂದು ಅಪ್ಪಣೆಯಾಯಿತು.

ನಾನು ಹಣಕಾಸಿನ ಪಂಡಿತನಲ್ಲ. ಮೂವತ್ತನಾಲ್ಕು ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ, ಜಲಾಶಯ ನೋಡಿಕೊಂಡವನು. ಗೊತ್ತಿರುವುದು ನೀರಿನ ಲೆಕ್ಕ. ಅದರಿಂದಲೇ ಶುರು ಮಾಡುತ್ತೇನೆ.

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಗಿನ ಲೆಕ್ಕ 105.78. ಗೋಡೆ ಅಷ್ಟೇ ಎತ್ತರ ಇದೆ. ತುಂಬಿದಾಗ ನೀರು ಅದೇ ಮಟ್ಟಕ್ಕೆ ಬರುತ್ತದೆ. ಆದರೆ ಅಡಿಯಲ್ಲಿ ಹೂಳು ಕೂತು 27 ಟಿಎಂಸಿಯಷ್ಟು ಜಾಗ ತಿಂದಿದೆ. ಬೆಲೆಯೇರಿಕೆ ನಮ್ಮ ಉಳಿತಾಯಕ್ಕೆ ಮಾಡುವುದೂ ಇದನ್ನೇ. ಪಾಸ್‌ಬುಕ್ಕಿನಲ್ಲಿ ಅಂಕಿ ಕಡಿಮೆಯಾಗುವುದಿಲ್ಲ. ಆದರೆ ವರ್ಷಕ್ಕೆ ನೂರಕ್ಕೆ ಆರರಂತೆ ಬೆಲೆ ಏರಿದರೆ, ಹನ್ನೆರಡು ವರ್ಷದ ಮೇಲೆ ಒಂದು ಲಕ್ಷಕ್ಕೆ ಇವತ್ತಿನ ಐವತ್ತು ಸಾವಿರದ ಸಾಮಾನು ಮಾತ್ರ ಬರುತ್ತದೆ. ಅರವತ್ತಕ್ಕೆ ನಿವೃತ್ತರಾಗಿ ಎಂಬತ್ತೈದು ಮುಟ್ಟುವವರು ಈ ಹೂಳನ್ನು ಎರಡು ಸಲ ದಾಟಬೇಕು.

"ಬ್ಯಾಂಕಿನ ಬಡ್ಡಿ ಸಾಕು" ಎನ್ನುವವರಿಗೆ ಒಂದು ಮಾತು. ನನ್ನ ನೌಕರಿಯ ದಿನಗಳಲ್ಲಿ ಪಿಪಿಎಫ್‌ಗೆ ನೂರಕ್ಕೆ 12 ಬಡ್ಡಿ ಇತ್ತು. 2000ದಿಂದ ಇಳಿಯತೊಡಗಿತು. 2020ರ ಏಪ್ರಿಲ್‌ನಿಂದ 7.1ಕ್ಕೆ ನಿಂತಿದೆ. ಇನ್ನೊಂದು, ನನಗೆ ಪಿಂಚಣಿ ಇದೆ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರು ಎನ್‌ಪಿಎಸ್‌ಗೆ ಬಂದರು. ಅವರ ಮುಪ್ಪಿನ ಹಣ ಪೇಟೆಯ ಜೊತೆ ಏರಿ ಇಳಿಯುತ್ತದೆ. ಹಾಗಾಗಿ ನಮ್ಮ ಮಕ್ಕಳ ಕಾಲಕ್ಕೆ ಪೇಟೆಯ ಸಹವಾಸವೇ ಬೇಡ ಎನ್ನುವಂತಿಲ್ಲ.

ಹಾಗಂತ ಪೇಟೆ ವರ್ಷವೂ ತುಂಬಿ ಹರಿಯುವ ಹೊಳೆಯೂ ಅಲ್ಲ. 1992ರ ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ 4,400 ದಾಟಿತ್ತು. ಹನ್ನೊಂದು ವರ್ಷ ಕಳೆದು 2003ರ ಏಪ್ರಿಲ್‌ನಲ್ಲಿ 3,000ದ ಆಸುಪಾಸಿನಲ್ಲಿತ್ತು. 2008ರ ಜನವರಿಯಲ್ಲಿ 21,000 ಮುಟ್ಟಿ, ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೂ ಇಣುಕಿ ಬಂತು. ಕೊರೋನಾ ಹೊತ್ತಿನಲ್ಲಿ, 2020ರ ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಬಿದ್ದು 26,000ಕ್ಕೆ ಬಂತು. ಹತ್ತು ತಿಂಗಳಲ್ಲಿ 50,000 ದಾಟಿತು. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಏರಿದ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ, ಮೂವತ್ತನಾಲ್ಕು ವರ್ಷದ ಮೇಲೆ. ಬಂಗಾರವೂ ಹೀಗೆಯೇ. 1980ರಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ್ದು ಮತ್ತೆ ಆ ಬೆಲೆ ಕಂಡದ್ದು 2008ರಲ್ಲಿ. ಡಾಲರಿನೆದುರು ರೂಪಾಯಿ ಕುಸಿಯುತ್ತ ಬಂದದ್ದರಿಂದ ನಮಗೆ ಆ ಬರ ಕಾಣಿಸಲಿಲ್ಲ, ಅಷ್ಟೆ.

ಈಗ ನನ್ನದೇ ತಪ್ಪು ಹೇಳುತ್ತೇನೆ. 2007ರಲ್ಲಿ ಮನೆ ಕಟ್ಟಬೇಕೆಂದು ಆರು ಲಕ್ಷ ಕೂಡಿಸಿದ್ದೆ. ಬುನಾದಿ ಹಾಕಲು ಇನ್ನೂ ಒಂದು ವರ್ಷ ಇತ್ತು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಷೇರಿನ ಮಾತು. ಇಡೀ ಗಂಟನ್ನು ಷೇರು ನಿಧಿಗೆ ಹಾಕಿದೆ. ಮನೆಯಾಕೆ, "ಕಟ್ಟೋ ದುಡ್ಡು ಅಲ್ಲೇನು ಮಾಡತೈತ್ರಿ?" ಎಂದಳು. ನಾನು ಇಂಜಿನಿಯರು, ನನಗೆ ಲೆಕ್ಕ ಗೊತ್ತು ಎಂಬ ಹಮ್ಮು. 2009ರ ಮಾರ್ಚ್‌ನಲ್ಲಿ ಗೋಡೆ ಎದ್ದು ಸ್ಲ್ಯಾಬಿಗೆ ಬಂದಿತ್ತು. ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಮಾರಿದಾಗ ಕೈಗೆ ಬಂದದ್ದು ಎರಡು ಲಕ್ಷ ಅರವತ್ತು ಸಾವಿರ. ಉಳಿದದ್ದಕ್ಕೆ ಆಕೆಯ ಬಳೆ ಅಡವಿಟ್ಟೆವು. 2010ರ ನವೆಂಬರ್‌ನಲ್ಲಿ ಸೂಚ್ಯಂಕ ಮತ್ತೆ 21,000ಕ್ಕೆ ಬಂದಿತ್ತು. ಅದನ್ನು ಪೇಪರಿನಲ್ಲಿ ಓದಿದೆ. ಆಕೆಗೆ ಹೇಳಲಿಲ್ಲ.

ಆಗ ಪೇಟೆಯನ್ನು ಬೈದೆ. ಆಮೇಲೆ ಯೋಚಿಸಿದಾಗ ತಪ್ಪು ನನ್ನದೇ ಎಂದು ತಿಳಿಯಿತು. ಒಂದೂವರೆ ವರ್ಷದಲ್ಲಿ ಬೇಕಾದ ಹಣವನ್ನು ಹತ್ತು ವರ್ಷ ಕಾಯಬೇಕಾದ ಜಾಗದಲ್ಲಿ ಇಟ್ಟಿದ್ದೆ. ಅದೇ ನಿಧಿಯಲ್ಲಿ 2005ರಿಂದ ತಿಂಗಳಿಗೆ ಎರಡು ಸಾವಿರ ಕಟ್ಟುತ್ತಿದ್ದೆ. ಬೇಕಾಗಿರಲಿಲ್ಲ, ಅದನ್ನು ಮುಟ್ಟಲಿಲ್ಲ. ಬಿದ್ದ ವರ್ಷಗಳಲ್ಲಿ ಅದೇ ಎರಡು ಸಾವಿರಕ್ಕೆ ಹೆಚ್ಚು ಯೂನಿಟ್ ಸಿಕ್ಕವು. ನಿವೃತ್ತಿಯ ಹೊತ್ತಿಗೆ ಕಟ್ಟಿದ್ದರ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಅದೇ ಪೇಟೆ, ಅದೇ ಬರ, ಅದೇ ಮನುಷ್ಯ. ಒಂದನ್ನು ಕೆಟ್ಟ ವರ್ಷದಲ್ಲಿ ಮಾರಲೇಬೇಕಾಯಿತು, ಇನ್ನೊಂದನ್ನು ಮಾರಬೇಕಾಗಲಿಲ್ಲ.

ಮುಂದಿನ ವರ್ಷ ಮಳೆ ಹೇಗೆ ಎಂದು ನಮ್ಮ ಇಲಾಖೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಜಲಾಶಯ ನಡೆಯುತ್ತದೆ. ಏಕೆಂದರೆ ನೀರಿಗೆ ಸರದಿ ಇದೆ. ಮೊದಲು ಕುಡಿಯುವ ನೀರು ತೆಗೆದಿಡುತ್ತಾರೆ. ಆಮೇಲೆ ನಿಂತ ಬೆಳೆ. ಎರಡನೇ ಬೆಳೆಯ ಮಾತು ಕೊನೆಗೆ. ನೀರಾವರಿ ಸಲಹಾ ಸಮಿತಿ ಈ ಸಲ ಎರಡನೇ ಬೆಳೆಗೆ ನೀರಿಲ್ಲ ಎಂದರೆ ರೈತನಿಗೆ ನೋವು, ಆದರೆ ಊರು ಬಾಯಾರಿ ಸಾಯುವುದಿಲ್ಲ.

ಮೇಷ್ಟ್ರಿಗೆ ನಾನು ಹೇಳಿದ್ದು ಈ ಸರದಿಯನ್ನೇ. ಒಂದು ವರ್ಷದ ಮನೆಖರ್ಚು ಮತ್ತು ಆಸ್ಪತ್ರೆಯ ಹಣ ಕುಡಿಯುವ ನೀರು. ಅದು ಬ್ಯಾಂಕಿನಲ್ಲೇ ಇರಲಿ. ಮುಂದಿನ ಐದಾರು ವರ್ಷದಲ್ಲಿ ಬೇಕಾಗುವುದು ನಿಂತ ಬೆಳೆ. ಅದಕ್ಕೆ ಠೇವಣಿ, ಅಂಚೆ ಕಚೇರಿ. ಅರವತ್ತು ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರಿಂದ ಅದರಲ್ಲಿ 30 ಲಕ್ಷದವರೆಗೆ ಇಡಬಹುದು. ಸೇರಿದ ದಿನದ ಬಡ್ಡಿ ಐದು ವರ್ಷ ಬದಲಾಗುವುದಿಲ್ಲ. ಹತ್ತು ವರ್ಷ ಮುಟ್ಟದೆ ಇರಬಲ್ಲ ಹಣ ಮಾತ್ರ ಎರಡನೇ ಬೆಳೆ. ಹೂಳಿನ ವಿರುದ್ಧ ಷೇರು ನಿಧಿ ಕೆಲಸ ಮಾಡಬೇಕಾದದ್ದು ಅಲ್ಲಿ. ಅದನ್ನೂ ಒಂದೇ ದಿನ ಸುರಿಯಬೇಡಿ, ತಿಂಗಳು ತಿಂಗಳು ಹಾಕಿ. ಒಂದೇ ಕಂಪನಿಯಲ್ಲಿ ಇಡಬೇಡಿ. ಇಡೀ ಸೂಚ್ಯಂಕವನ್ನೇ ಕೊಳ್ಳುವ, ಖರ್ಚು ಕಡಿಮೆಯ ನಿಧಿಗಳಿವೆ. ಬೇಕಾಗುವ ದಿನ ಹತ್ತಿರ ಬಂದಂತೆ ಸ್ವಲ್ಪ ಸ್ವಲ್ಪವೇ ತೆಗೆದು ಠೇವಣಿಗೆ ತನ್ನಿ.

ಎರಡು ಎಚ್ಚರಿಕೆ. ಒಂದು, ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ, 2020ರಿಂದ. ಸಹಕಾರಿ ಬ್ಯಾಂಕುಗಳಿಗೂ ಇದು ಉಂಟು. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಪತ್ತಿನ ಸಹಕಾರಿಗಳಿಗೆ ಇಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ. ಆದರೂ ಅಧ್ಯಕ್ಷರು ನಮ್ಮವರು, ಮಠದ ಭಕ್ತರು ಎಂಬುದು ವಿಮೆಯಾಗುವುದಿಲ್ಲ. ಇದನ್ನು ಈ ಸಭೆಯಲ್ಲಿ ಹೇಳಲು ನನಗೆ ಸಂಕೋಚವಿತ್ತು, ಆದರೂ ಹೇಳಬೇಕು. ಎರಡು, ಮೊಬೈಲಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡುವ ಹುಡುಗರು. 2024ರ ಸೆಪ್ಟೆಂಬರ್‌ನಲ್ಲಿ ಸೆಬಿಯೇ ಪ್ರಕಟಿಸಿದ ಲೆಕ್ಕದಂತೆ, ಮೂರು ವರ್ಷದಲ್ಲಿ ಅದರಲ್ಲಿ ಕೈಹಾಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ್ದು. ಮನೆಗೆ ಹೋದಮೇಲೆ ಮಕ್ಕಳನ್ನು ಗದರದೆ ಕೇಳಿ.

ಷೇರಿನ ಹಣ ಕಾಯಕದ ಹಣವೇ ಎಂದು ಹಿಂದೊಮ್ಮೆ ಇಲ್ಲಿಯೇ ಪ್ರಶ್ನೆ ಬಂದಿತ್ತು. ನನಗೆ ತೋಚಿದ್ದು ಇಷ್ಟು. ನಾಲ್ಕು ಜನ ದುಡಿಯುವ ಕಾರ್ಖಾನೆಯಲ್ಲಿ ಪಾಲು ಹಿಡಿದು, ಅದರ ಒಳಿತು ಕೆಡುಕು ಎರಡಕ್ಕೂ ಹೆಗಲು ಕೊಟ್ಟು ವರ್ಷಗಟ್ಟಲೆ ನಿಲ್ಲುವುದು ಒಂದು. ಬೆಳಿಗ್ಗೆ ಕೊಂಡು ಸಂಜೆ ಮಾರಿ ಇನ್ನೊಬ್ಬನ ಕಿಸೆಗೆ ಕೈಹಾಕುವುದು ಇನ್ನೊಂದು. ಹಾಗೆಯೇ, ಮುಪ್ಪಿಗೆ ಎಷ್ಟು ಬೇಕು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಬರೆಯದಿದ್ದರೆ ಸಾಕು ಎನ್ನುವ ದಿನ ಬರುವುದಿಲ್ಲ, ದಾಸೋಹಕ್ಕೆ ಎತ್ತಿಡುವ ದಿನವೂ ಬರುವುದಿಲ್ಲ.

ಮೇಷ್ಟ್ರು ಇವತ್ತು ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಸೊಸೈಟಿಗೆ ಚೆಕ್ ಬರೆದಿಲ್ಲ ಎಂದು ಬಾಗಿಲಲ್ಲೇ ಹೇಳಿದರು. ಲೆಕ್ಕ ಹಾಕಲು ಯಾರಿಗಾದರೂ ನೆರವು ಬೇಕಿದ್ದರೆ ಪ್ರಸಾದದ ನಂತರ ಇಲ್ಲೇ ಇರುತ್ತೇನೆ. ಪಾಸ್‌ಬುಕ್ ತನ್ನಿ, ಮನೆಯಾಕೆಯನ್ನೂ ಕರೆದುಕೊಂಡು ಬನ್ನಿ.